ಎರಡನೇ ಸುತ್ತಿಗೆ ಬಂದವಳು

ಆ ಪ್ರಶ್ನೆಗಳನ್ನು ಮೊದಲು ಕನ್ನಡಕ್ಕೆ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಒಂದು ದಿನ ಕೊಳ್ಳೇಗಾಲಕ್ಕೆ ಕರೆಸಿ, ನಮ್ಮ ಓಪಿಡಿ ಮುಂದಿನ ಬೆಂಚಿನಲ್ಲಿ ಕೂರಿಸಿ, ಅವರ ಬಾಯಿಂದಲೇ ಓದಿಸುತ್ತಿದ್ದೆ. "ಕಳೆದ ನಾಲ್ಕು ವಾರಗಳಲ್ಲಿ ನಿಮ್ಮ ಲೈಂಗಿಕ ಜೀವನದ ಕುರಿತು ನೀವು ಎಷ್ಟರಮಟ್ಟಿಗೆ ಸಂತೃಪ್ತರಾಗಿದ್ದೀರಿ?" ಹೊಲದ ಕೆಲಸ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿ ಬಂದ ಹೆಂಗಸಿಗೆ ಇದನ್ನು ಕೇಳಿದರೆ ಅವಳಾದರೂ ಏನು ಹೇಳಬೇಕು? ನಾನು ಕೇಳಿದ ಮೊದಲನೆಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸಂಗದ ಸಾಲದೋರಾ?" ಅಂದಳು.

ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಹೆಂಗಸರ ವಾರ್ಡಿನ ನರ್ಸು. ತಲೆ ಅರ್ಧ ಬೆಳ್ಳಗಾದರೂ ಬಾಯಿ ಮಾತ್ರ ಬಡವಾಗಿಲ್ಲ ಎಂದು ನಮ್ಮ ಡಾಕ್ಟರು ಮೇಡಂ ನಗುತ್ತಾರೆ. ಆ ಬಾಯಿಯ ಕಾರಣಕ್ಕೇ ಈ ಕೆಲಸ ನನ್ನ ಕೊರಳಿಗೆ ಬಿದ್ದದ್ದು. ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಆಮೇಲೆ ಗಂಡನ ಜೊತೆ ಹೇಗಿದ್ದಾರೆ, ನೋವು ಉಂಟಾ, ಭಯ ಉಂಟಾ, ನಿದ್ದೆ, ಊಟ, ಕೆಲಸ, ಮನಸ್ಸು ಎಲ್ಲ ನೆಟ್ಟಗಿವೆಯಾ ಎಂದು ಕೇಳುವ ಪ್ರಶ್ನೆಗಳು ಅವು. ಹುಟ್ಟಿದ್ದು ಯಾವುದೋ ದೇಶದಲ್ಲಿ, ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಬಂದ ಮೇಲೆ ನಮ್ಮ ಹೆಂಗಸರಿಗೆ ಅರ್ಥವಾಗುತ್ತವಾ, ಬಂದ ಉತ್ತರವನ್ನು ನಂಬಬಹುದಾ ಎಂದು ನೋಡಬೇಕಿತ್ತು. ಮೇಡಂ ಮೈಸೂರಿನವರು. "ನಾನು ಕೇಳಿದ್ರೆ ಎಲ್ಲರೂ ಚೆನ್ನಾಗಿದೀನಿ ಡಾಕ್ಟ್ರೇ ಅಂತ ಎದ್ದು ಹೋಗ್ತಾರೆ. ನೀವು ಕೇಳಿ ಸಿಸ್ಟರ್. ನಿಮಗೆ ಬೈದಾದ್ರೂ ನಿಜ ಹೇಳ್ತಾರೆ" ಅಂದರು.

ಬೈಸಿಕೊಂಡೆ. ಬೈಸಿಕೊಳ್ಳುತ್ತಲೇ ಒಂದೊಂದು ಪ್ರಶ್ನೆಯನ್ನೂ ನೆಲಕ್ಕಿಳಿಸಿದೆವು. ಲೈಂಗಿಕ ಅನ್ನುವುದು ಹೋಗಿ ಗಂಡ ಹೆಂಡತಿ ಸೇರುವುದು ಅಂತ ಬಂತು. ಸಂತೃಪ್ತಿ ಹೋಗಿ ಮನಸ್ಸಿಗೆ ಸಮಾಧಾನ ಅಂತ ಬಂತು. ಉತ್ತರಕ್ಕೆ 'ಒಂಚೂರೂ ಇಲ್ಲ'ದಿಂದ ಹಿಡಿದು 'ವಿಪರೀತ'ದವರೆಗೆ ಮೆಟ್ಟಿಲು ಮಾಡಿದೆವು. ಆದರೆ ನಮ್ಮ ಕಡೆಯ ಹೆಂಗಸರಿಗೆ ಈ ಮೆಟ್ಟಿಲುಗಳ ಮೇಲೆ ಮೊದಮೊದಲು ಕಾಲಿಡುವುದೇ ಬೇಡ. ಏನು ಕೇಳಿದರೂ ಒಂದೇ ಮಾತು, "ಏನೋ ಅಂಗೇ ನಡೀತದೆ ಬುಡವ್ವ." ಅಂಗೇ ನಡೀತದೆ ಅನ್ನುವುದನ್ನು ಯಾವ ಮೆಟ್ಟಿಲಿಗೆ ಹಾಕುವುದು? ನನಗೆ ರೇಗಿಹೋಗುತ್ತಿತ್ತು. "ನಡೀತದೆ ಅಂದ್ರೆ ಕುಂಟ್ಕೊಂಡು ನಡೀತದೋ ನೆಟ್ಟಗೆ ನಡೀತದೋ, ಬಾಯಿ ಬಿಟ್ಟು ಹೇಳೇ ತಾಯಿ" ಎಂದರೆ ಆಗ ನಕ್ಕು ಬಾಯಿ ಬಿಡುತ್ತಿದ್ದರು.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಒಬ್ಬಳು ನನಗೆ ಒಂದು ಉಪಾಯ ಕಲಿಸಿದಳು. ಅವರದು ರೇಷ್ಮೆ ಸೀರೆಯ ಮಗ್ಗದ ಮನೆ. ಪಡಸಾಲೆಯಲ್ಲೇ ಮಗ್ಗ, ಗೋಡೆಯ ಆಚೆಗೆ ಅತ್ತೆ. ನಾನು ಮೊದಲ ಪ್ರಶ್ನೆ ಕೇಳಲು ಬಾಯಿ ತೆರೆಯುತ್ತಿದ್ದಂತೆ ಅವಳು ಕಣ್ಣಲ್ಲೇ ಗೋಡೆ ತೋರಿಸಿ ಮಗ್ಗದ ಗುಂಡಿಗೆ ಇಳಿದು ಕೂತಳು. "ಮಗ್ಗ ಆಡ್ತಿರ್ಲಿ ಸಿಸ್ಟ್ರೇ, ನೀವು ಕೇಳ್ತಾ ಇರಿ. ಮಗ್ಗ ನಿಂತ್ರೇನೇ ನಮ್ಮತ್ತೆಗೆ ಕಿವಿ ಕೇಳ್ಸದು" ಅಂದಳು. ಆ ಟಕಟಕದ ನಡುವೆ ನಾನು ಬಗ್ಗಿ ಕೇಳುವುದು, ಅವಳು ಲಾಳಿ ಎಸೆಯುತ್ತ ಹೇಳುವುದು. ಮುಗಿಯುವ ಹೊತ್ತಿಗೆ ನನ್ನ ಗಂಟಲು ಬಿದ್ದುಹೋಗಿತ್ತು. ಆದರೆ ಅಷ್ಟು ನಿಜವಾದ ಉತ್ತರಗಳನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಇಷ್ಟಾದ ಮೇಲೆ ಎರಡನೇ ಸುತ್ತು. ಅದೇ ಹೆಂಗಸನ್ನು ಎರಡು ವಾರ ಬಿಟ್ಟು ಕರೆದು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಅವಳ ಬದುಕಿನಲ್ಲಿ ದೊಡ್ಡದೇನೂ ಆಗದಿದ್ದರೆ ಉತ್ತರ ಹೆಚ್ಚುಕಡಿಮೆ ಅದೇ ಬರಬೇಕು. ಬಂದರೆ ಪ್ರಶ್ನೆಗಳು ಗಟ್ಟಿ, ಬರದಿದ್ದರೆ ಇಷ್ಟು ದಿನ ಕುಟ್ಟಿದ್ದೆಲ್ಲ ಹೊಟ್ಟು. ಮೊದಲ ಸಲ ಕೇಳಿದವರೇ ಎರಡನೇ ಸಲ ಕೇಳಬಾರದು ಎಂದು ಮೇಡಂ ಹೇಳಿದ್ದರು. ಹಾಗಾಗಿ ನಾನು ಕೊಳ್ಳೇಗಾಲ, ಹನೂರು ಕಡೆಯವರನ್ನು ಮೊದಲು ಕೇಳಿದರೆ, ಯಳಂದೂರಿನವಳಾದ ನನ್ನ ಜೊತೆಯ ನರ್ಸು ಅವರನ್ನು ಎರಡನೇ ಸಲ ಕೇಳುವುದು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನವರೆಗಿನ ಅವಳ ಕಡೆಯವರನ್ನು ನಾನು ಕೇಳುವುದು. ಹಾಳೆಯ ಮೇಲೆ ಹೆಸರು ಬರೆಯುವಂತಿಲ್ಲ; ಯಾವ ನಂಬರು ಯಾರದು, ಯಾವ ಊರು ಎಂಬ ಪಟ್ಟಿ ಮೇಡಂ ಬೀರುವಿನಲ್ಲಿ ಬೇರೆಯಾಗಿತ್ತು. ಪ್ರತಿಯೊಬ್ಬಳಿಗೂ ಒಂದು ನಂಬರಿನ ಚೀಟಿ ಕೊಟ್ಟು, "ಮುಂದಿನ ಸಲ ಇದನ್ನ ತಕೊಂಡು ಬಾ" ಎಂದು ಕಳಿಸಿದ್ದೆವು.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದೆ. ಜೊತೆಯವಳು ಒಂದು ಹಾಳೆ ಹಿಡಿದುಕೊಂಡು ಬಂದಳು. "ಲೇ, ಇದು ನಿನ್ನ ಹನೂರು ಕಡೆಯವಳದು. ಮೊನ್ನೆ ನೀನು ರಜೆಯಲ್ಲಿದ್ದಾಗ ಬಂದಿದ್ಲು. ಹೋದ ಸಲ ನೀನು ಬರೆದದ್ದು ನೋಡು, ಈ ಸಲ ನಾನು ಬರೆದದ್ದು ನೋಡು." ಹೋದ ಸಲ ಎಲ್ಲಕ್ಕೂ 'ಒಂಚೂರೂ ಇಲ್ಲ'. ನೋವಿಲ್ಲ, ಭಯವಿಲ್ಲ, ಗಂಡ ಚೆನ್ನಾಗಿದ್ದಾನೆ. ಈ ಸಲ ಸೇರಿದ ಮೇಲೆ ರಕ್ತ ಕಾಣುತ್ತದಾ ಅನ್ನುವುದಕ್ಕೆ 'ಪ್ರತಿ ಸಲ'. ಭಯ, 'ವಿಪರೀತ'. ಬದುಕು ಹೇಗಿದೆ ಅನ್ನುವುದಕ್ಕೆ ಕೆಳಗಿನ ಮೆಟ್ಟಿಲು. ಗರ್ಭಕೋಶ ತೆಗೆದವಳಿಗೆ ಹೊಸದಾಗಿ ರಕ್ತ ಕಾಣಿಸಿದರೆ ಅದರಲ್ಲಿ ಹುಡುಗಾಟವಿಲ್ಲ. ಒಳಗೆ ಕೆಟ್ಟ ಗಂಟು ಬೆಳೆಯುತ್ತಿದ್ದರೆ? "ಇದನ್ನ ಕೇಳಿಸಿಕೊಂಡು ಅವಳನ್ನ ಹಾಗೇ ಮನೆಗೆ ಕಳಿಸಿದ್ಯಲ್ಲೇ!" ಎಂದು ಅವಳ ಮೇಲೆ ಹಾರಿದೆ. ಅವಳು ಬಿಡುತ್ತಾಳಾ? "ಮೇಡಂ ಹತ್ರ ಕರ್ಕೊಂಡು ಹೋಗ್ತೀನಿ ಅಂದೆ. ಬಸ್ಸು ಹೊರಡ್ತದೆ ಅಂತ ಎದ್ದು ಓಡಿದ್ಲು. ಹಿಡ್ಕೊಂಡು ಕಟ್ಟಿಹಾಕಲಾ?" ಅಂದಳು.

ಮೇಡಂ ಹಾಳೆ ನೋಡಿದವರೇ, "ಇವತ್ತೇ ಹೋಗಿ ಕರ್ಕೊಂಡು ಬನ್ನಿ" ಅಂದರು. ಫೋನು ಮಾಡುವಂತಿರಲಿಲ್ಲ. ಇದ್ದದ್ದು ಗಂಡನ ನಂಬರು, ಅವನಿಗೆ ಏನೆಂದು ಹೇಳುವುದು? ಡಬ್ಬಿ ಮುಚ್ಚಿ ಹನೂರು ಬಸ್ಸು ಹತ್ತಿದೆ. ಕಾಮಗೆರೆ ದಾಟುವವರೆಗೂ ಕಂಡಕ್ಟರಿಗೆ ಟಿಕೆಟ್ಟಿನ ದುಡ್ಡು ಕೊಡುವುದನ್ನೇ ಮರೆತು ಕೂತಿದ್ದೆ. ನಾನೇ ಕೂರಿಸಿಕೊಂಡು ಕೇಳಿದ ಹೆಂಗಸು. ನಗುನಗುತ್ತ ಚೆನ್ನಾಗಿದ್ದೀನಿ ಅಂದವಳು. ನನಗೆ ಹೇಳದೆ ಮುಚ್ಚಿಟ್ಟಳಲ್ಲ ಎಂದು ಹೊಟ್ಟೆಯುರಿ ಒಂದು ಕಡೆ, ಅವಳಿಗೇನಾದರೂ ಆಗಿಬಿಟ್ಟರೆ ಎಂಬ ದಿಗಿಲು ಇನ್ನೊಂದು ಕಡೆ. ಮಾದಪ್ಪ, ಏನೂ ಆಗದ ಹಾಗೆ ನೋಡ್ಕೊಳ್ಳಪ್ಪ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

ಹನೂರಿನಿಂದ ಆಚೆಗೆ ಆಟೋದಲ್ಲಿ ಹೋಗಬೇಕಾದ ಊರು. ಮನೆಯ ಜಗಲಿಯ ಮೇಲೆ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಆಪರೇಷನ್ ಆದ ಜಾಗ ನೋಡಬೇಕಿತ್ತು ಎಂದು ನೆಪ ಹೇಳಿ ಸೊಸೆಯನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆ. "ರಕ್ತ ಯಾವಾಗಿಂದ ಕಾಣ್ತದೆ?" ಎಂದು ಕೇಳಿದೆ.

"ಯಾವ ರಕ್ತ ಸಿಸ್ಟ್ರವ್ವ?"

"ನನ್ನ ಹತ್ರ ನಾಟಕ ಆಡ್ಬೇಡ. ಮೊನ್ನೆ ಆಸ್ಪತ್ರೆಗೆ ಬಂದಾಗ ನೀನೇ ಹೇಳಿದ್ಯಲ್ಲ."

ಅವಳು ಕಣ್ಣು ಕಣ್ಣು ಬಿಟ್ಟಳು. "ಮೊನ್ನೆ ನಾನೆಲ್ಲಿ ಬಂದಿದ್ದೆ? ನನ್ನ ವಾರಗಿತ್ತಿ ಅಲ್ವಾ ಬಂದಿದ್ದು. ಮೊನ್ನೆ ನಮ್ಮ ಹೊಲ್ದಲ್ಲಿ ಅರಿಸಿನದ ಕಳೆ ಇತ್ತು, ಮುಯ್ಯಾಳು ಬಂದಿದ್ರು. ನಾ ಹೆಂಗ್ ಬರ್ಲಿ? ಅಕ್ಕಾ, ಚೀಟಿ ಕೊಡು, ನಿನ್ ಬದ್ಲು ನಾ ಓಯ್ತೀನಿ ಅಂದ್ಲು. ಕೊಟ್ಟೆ. ಮನೆಯಿಂದ ಒಬ್ರು ಬಂದ್ರೆ ಆಯ್ತಲ್ವಾ?"

ಮುಯ್ಯಾಳು ಅಂದರೆ ಈ ಕಡೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಒಬ್ಬರು ದುಡಿಯುವುದು. ನೀವು ನಮ್ಮ ಹೊಲಕ್ಕೆ ಬಂದರೆ ನಾವು ನಿಮ್ಮ ಹೊಲಕ್ಕೆ ಬಂದು ತೀರಿಸಬೇಕು. ತೀರಿಸಲು ಮನೆಯಿಂದ ಒಂದು ಆಳು ಹೋದರೆ ಸಾಕು, ಅತ್ತೆಯೋ ಸೊಸೆಯೋ ಎಂದು ಯಾರೂ ಕೇಳುವುದಿಲ್ಲ. ನಾವು ಚೀಟಿ ಕೊಟ್ಟು ಮತ್ತೊಮ್ಮೆ ಬಾ ಅಂದದ್ದನ್ನೂ ಇವರು ಹಾಗೇ ಲೆಕ್ಕ ಹಾಕಿದ್ದರು. ನನಗೆ ಕೋಪ ನೆತ್ತಿಗೇರಿತು. "ಅಲ್ಲ ಕಣೇ, ನಿನ್ನ ಗಂಡನ ವಿಷಯ ಕೇಳಿದ್ರೆ ಅದಕ್ಕೂ ಮುಯ್ಯಾಳು ಕಳಿಸ್ತೀಯಾ?" ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. "ಅಂಗಾರೆ ಆ ರಕ್ತ ಅವ್ಳುದಾ?"

ಆಗಲೇ ನನಗೂ ಹೊಳೆದದ್ದು. ಇವಳಿಗೆ ಏನೂ ಆಗಿಲ್ಲ, ಸರಿ. ಆದರೆ ರಕ್ತ ಕಂಡವಳು ಒಬ್ಬಳು ಇದ್ದೇ ಇದ್ದಾಳೆ. ಒಂದೇ ಒಲೆಯಲ್ಲಿ ಅಡುಗೆ ಮಾಡುವ ವಾರಗಿತ್ತಿಯರು, ಒಬ್ಬಳ ತಲೆಗೆ ಇನ್ನೊಬ್ಬಳು ಎಣ್ಣೆ ಹಚ್ಚುವವರು. ಆದರೂ ಇವಳಿಗೆ ಒಂದು ಮಾತು ಗೊತ್ತಿರಲಿಲ್ಲ. "ನನ್ ತಂಗಿ ಇದ್ದಂಗೆ ಅವ್ಳು. ಹೋಗಿ ಕೇಳವ್ವ. ಹೊಲ್ದಲ್ಲೇ ಅವ್ಳೆ" ಎಂದು ಕಣ್ಣೊರೆಸಿಕೊಂಡಳು.

ಅರಿಸಿನದ ಸಾಲಿನ ನಡುವೆ ಕೂತಿದ್ದ ಕಿರಿಯವಳು ನನ್ನ ಸೀರೆಯ ಬಣ್ಣ ನೋಡಿಯೇ ಎದ್ದು ನಿಂತಳು. ಮೂವತ್ತು ದಾಟಿದ್ದಿರಬಹುದು, ಮುಖ ಬಾಡಿತ್ತು. ಪಂಪ್‌ಸೆಟ್ ಮನೆಯ ನೆರಳಿಗೆ ಕರೆದು ಕೂರಿಸಿದೆ. ಬೈಯಬೇಕೆಂದೇ ಹೋಗಿದ್ದೆ. ಮುಖ ನೋಡಿದ ಮೇಲೆ ಬೈಗುಳ ಬಾಯಿಗೆ ಬರಲಿಲ್ಲ.

"ನಿನ್ನ ಗರ್ಭಕೋಶ ತೆಗೆದಿಲ್ಲ. ನೀನು ಯಾಕಮ್ಮ ಬಂದೆ?" ಅಂದೆ.

"ನೀವು ಏನೇನ್ ಕೇಳುದ್ರಿ ಅಂತ ಅಕ್ಕ ಮನೇಗ್ ಬಂದು ಹೇಳ್ಕೊಂಡು ನಗಾಡುದ್ಲು. ಗಂಡನ ಜೊತೆ ಸೇರುದ್ಮೇಲೆ ರಕ್ತ ಬತ್ತದಾ ಅಂತ್ಲೂ ಕೇಳ್ತರೆ ಕಣೇ ಅಂದ್ಲು. ನಂಗೆ ನಗು ಬರ್ನಿಲ್ಲ ಸಿಸ್ಟ್ರವ್ವ. ಇಂಗೂ ಆಯ್ತದೆ, ನಂಗೊಬ್ಳಿಗೇ ಅಲ್ಲ, ಅದ್ಕೇ ಕೇಳ್ತಾವ್ರೆ ಅನ್ನುಸ್ತು." ಕೈಗೆ ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು. "ನನ್ನ ಯಾರೂ ಕೇಳ್ನಿಲ್ಲ. ಅದ್ಕೇ ಅಕ್ಕನ ಚೀಟಿ ತಕಂಡು ಬಂದೆ."

ಬೇಸಿಗೆಯಿಂದ ಹೀಗೇ ಆಗುತ್ತಿತ್ತಂತೆ. ಅವಳ ಚಿಕ್ಕವ್ವ ಗೋಪಿನಾಥಂ ಕಡೆಯ ಒಂದು ಹಳ್ಳಿಯವಳು. ಇದೇ ರೀತಿ ರಕ್ತ ಕಂಡು, ಯಾರಿಗೂ ಹೇಳದೆ, ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕ್ಯಾನ್ಸರ್ ಮೀರಿಹೋಗಿ ಸತ್ತಿದ್ದಳು. ತನಗೂ ಅದೇ ಎಂದು ಇವಳು ತೀರ್ಮಾನ ಮಾಡಿಕೊಂಡುಬಿಟ್ಟಿದ್ದಳು. ರಕ್ತಕ್ಕೆ ಹೆದರಿ ಗಂಡನನ್ನು ಹತ್ತಿರ ಸೇರಿಸಲಿಲ್ಲ. ಯಾಕೆಂದೂ ಹೇಳಲಿಲ್ಲ. ಅವನು ನಾಲ್ಕು ದಿನ ಮುನಿಸಿಕೊಂಡ, ಐದನೇ ದಿನದಿಂದ ಆನೆ ಕಾವಲಿನ ನೆಪ ಮಾಡಿ ಹೊಲದ ಅಟ್ಟಣೆಯ ಮೇಲೆ ಮಲಗಲು ಶುರು ಮಾಡಿದ. "ಕಾವ್ಲು ಸರದಿ ಬೇರೆಯೋರ್ದಿದ್ರೂ ಇವ್ರೇ ಓಯ್ತಾರೆ. ಮಕ್ಳಿಬ್ರು ಸಣ್ಣವು. ನಾ ಸತ್ರೆ ಅವ್ಕೆ ಯಾರವ್ವ?" ಎಂದು ಅತ್ತಳು. ನಾನೂ ಅತ್ತೆ. ನರ್ಸು ಅಳಬಾರದು ಎಂದು ಟ್ರೈನಿಂಗಿನಲ್ಲಿ ಹೇಳಿಕೊಟ್ಟವರು ಆ ಪಂಪ್‌ಸೆಟ್ ಮನೆಯ ಹತ್ತಿರ ಇರಲಿಲ್ಲ.

ಮನೆಯಿಂದ ಅವಳನ್ನು ಹೊರಡಿಸುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದರೆ ಹಿರಿಯವಳು ಅದನ್ನು ಚಿಟಿಕೆ ಹೊಡೆದಂತೆ ಮುಗಿಸಿದಳು. ಅತ್ತೆಯ ಮುಂದೆ ಹೊಟ್ಟೆ ಹಿಡಿದುಕೊಂಡು, "ನನ್ ಆಪ್ರೇಸನ್ ಜಾಗ ಡಾಕ್ಟ್ರಿಗೆ ತೋರ್ಸ್ಬೇಕಂತೆ ಅತ್ತೆ, ನಾಳೆ ಇವ್ಳ ಜತೇಲಿ ಓಗ್ಬತ್ತೀನಿ" ಅಂದಳು. ಅಂಗಳಕ್ಕೆ ಬಂದು ನನ್ನ ಕಿವಿಯಲ್ಲಿ, "ನನ್ ಬದ್ಲು ಅವ್ಳು ಬಂದ್ಲಲ್ಲ, ಈಗ ಅವ್ಳಿಗೋಸ್ಕರ ನನ್ ಹೊಟ್ಟೆ ನೋಯ್ಲಿ ಬುಡಿ" ಅಂದಳು.

ಮಾರನೇ ದಿನ ಇಬ್ಬರೂ ಬಂದರು. ಪರೀಕ್ಷೆಯ ಮಂಚದ ಮೇಲೆ ಕಿರಿಯವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಾದಪ್ಪನನ್ನು ಕರೆಯುತ್ತಿದ್ದಳು. ನಾನು ಅವಳ ತಲೆಯ ಹತ್ತಿರ ನಿಂತು ಕೈ ಹಿಡಿದುಕೊಂಡೆ. ಮೇಡಂ ದೀಪ ಸರಿ ಮಾಡಿಕೊಂಡು ನೋಡಿದರು. ನೋಡುತ್ತಲೇ ಇದ್ದರು. ಗರ್ಭಕೋಶದ ಬಾಯಿಯಲ್ಲಿ ಹುಣಿಸೆ ಬೀಜದಷ್ಟು ದೊಡ್ಡ, ಕೆಂಪಗಿನ ಮಾಂಸದ ಚೂರೊಂದು ಜೋತುಬಿದ್ದಿತ್ತು. "ಮುಟ್ಟಿದ್ರೆ ರಕ್ತ ಬರೋದು ಇದರಿಂದಲೇ" ಎಂದು ಹೇಳಿ, ಅವಳು ಹಾ ಅನ್ನುವುದರೊಳಗೆ ಅದನ್ನು ಕಿತ್ತು ಡಬ್ಬಿಗೆ ಹಾಕಿದರು. ಅವಳಿಗೆ ಧೈರ್ಯ ಹೇಳಿ ಹೊರಗೆ ಕಳಿಸಿದ ಮೇಲೆ ನನಗೆ, "ನೋಡಕ್ಕೆ ಕೆಟ್ಟದ್ದರ ಹಾಗಿಲ್ಲ ಸಿಸ್ಟರ್. ಆದ್ರೆ ಮೈಸೂರಿನ ಲ್ಯಾಬಿಂದ ರಿಪೋರ್ಟ್ ಬರೋವರೆಗೆ ನಾನು ಬಾಯಿ ಬಿಡಲ್ಲ" ಅಂದರು.

ಆ ರಿಪೋರ್ಟಿಗೆ ಕಾದ ದಿನಗಳಲ್ಲಿ ನಮ್ಮ ವಾರ್ಡಿನವರು ನನ್ನನ್ನು ಹೇಗೆ ಸಹಿಸಿಕೊಂಡರೋ ದೇವರಿಗೇ ಗೊತ್ತು. ಆಯಾ ನೆಲ ಒರೆಸಿದರೆ ತಪ್ಪು, ಒರೆಸದಿದ್ದರೆ ತಪ್ಪು. ಇದರ ನಡುವೆ ಮೇಡಂ ಎರಡನೇ ಸುತ್ತಿಗೆ ಬಂದವರನ್ನೆಲ್ಲ ಮತ್ತೆ ವಿಚಾರಿಸಲು ಹೇಳಿದರು. ವಿಚಾರಿಸಿದರೆ ಇನ್ನೂ ಕೆಲವರು ಹೀಗೇ ನಾದಿನಿಯನ್ನೋ ಸೊಸೆಯನ್ನೋ ಕಳಿಸಿದ್ದರು. ಅವರ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟು ನೋಡಿದಾಗ ಉಳಿದವರ ಉತ್ತರ ಎರಡು ಸಲವೂ ಚೆನ್ನಾಗಿಯೇ ಹೊಂದಿಕೊಂಡಿತ್ತು. ಪ್ರಶ್ನೆಗಳು ಪಾಸಾದವು. ಮೇಡಂ ಖುಷಿಯಿಂದ ಎಲ್ಲರಿಗೂ ಕಾಫಿ ತರಿಸಿದರು. ನಾನು ನನ್ನ ಲೋಟವನ್ನು ಆಯಾಳ ಕೈಗೆ ಕೊಟ್ಟು, ಮೈಸೂರಿನಿಂದ ರಿಪೋರ್ಟು ಬಂತಾ ಎಂದು ಕೇಳಲು ಹೋದೆ.

ರಿಪೋರ್ಟು ಬಂದದ್ದು ಬೆಳಿಗ್ಗೆ, ನಾನು ಇಂಜೆಕ್ಷನ್ ಕೊಡುತ್ತಿದ್ದಾಗ. ಮೇಡಂ ಬಾಗಿಲಲ್ಲಿ ನಿಂತು, "ಸಿಸ್ಟರ್, ಕ್ಯಾನ್ಸರ್ ಅಲ್ಲ. ಏನೂ ಅಲ್ಲ" ಅಂದರು. ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಿದ್ದ ಅಜ್ಜಿಯ ಮಂಚದ ಮೇಲೇ ಕೂತುಬಿಟ್ಟೆ. "ನಂಗೇನವ್ವ ಬಂದಿರದು?" ಎಂದು ಅಜ್ಜಿ ಗಾಬರಿಯಾದಳು. "ನಿಂಗೂ ಏನಿಲ್ಲ, ಯಾರಿಗೂ ಏನಿಲ್ಲ ಸುಮ್ನಿರಜ್ಜಿ" ಎಂದು ನಕ್ಕೆ. ಎಷ್ಟು ದಿನಗಳ ಮೇಲೆ ಹಾಗೆ ನಕ್ಕಿದ್ದೆನೋ.

ಹೇಳಿ ಕಳಿಸಿದ ಮರುದಿನವೇ ಅವಳು ಬಂದಳು. ಈ ಸಲ ಜೊತೆಯಲ್ಲಿ ಹಿರಿಯವಳಿರಲಿಲ್ಲ, ಗಂಡ ಇದ್ದ. ಸಂಗತಿಯನ್ನು ಹಿಂದಿನ ರಾತ್ರಿ ಅವಳೇ ಅವನಿಗೆ ಹೇಳಿದ್ದಳಂತೆ, ಅಟ್ಟಣೆ ಹತ್ತಿ ಹೋಗಿ. ಗಟ್ಟಿಮುಟ್ಟಾದ ಆಳು, ಟವೆಲ್ಲನ್ನು ಎರಡು ಕೈಯಲ್ಲೂ ಹಿಂಡುತ್ತ ಮೂಲೆಯಲ್ಲಿ ನಿಂತಿದ್ದ. ಮೇಡಂ ಅವಳಿಗೆ ಬಿಡಿಸಿ ಹೇಳಿದರು. ಗಂಟು ಹೋಯಿತು, ಕ್ಯಾನ್ಸರ್ ಅಲ್ಲ, ಇನ್ನು ಹೆದರಬೇಕಾಗಿಲ್ಲ, ಮತ್ತೆ ರಕ್ತ ಕಂಡರೆ ಮಾತ್ರ ಮುಚ್ಚಿಡದೆ ಬರಬೇಕು. ಅವಳು ಮೇಡಂ ಮುಖ ನೋಡಿದಳು, ನನ್ನ ಮುಖ ನೋಡಿದಳು, ಗಂಡನ ಕಡೆ ತಿರುಗಿ, "ಕೇಳುಸ್ತಾ?" ಅಂದಳು.

ಅವನು ತಲೆ ಆಡಿಸಿದ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಮೆಲ್ಲಗೆ, "ನಾನು ಇವ್ಳಿಗೆ ಬ್ಯಾಡವಾದೆ ಅಂದ್ಕಂಡಿದ್ನಲ್ಲ ಸಿಸ್ಟ್ರವ್ವ" ಅಂದ. ಅಷ್ಟು ಹೇಳಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕಾರಿಡಾರಿನ ಗೋಡೆಗೆ ತಿರುಗಿ ನಿಂತ. ಗಂಡಸರಿಗೆ ಯಾವ ಪ್ರಶ್ನೆಯನ್ನೂ ನಾವು ಕೇಳಿರಲಿಲ್ಲ. ನನಗೆ ಅದು ಆಗ ಹೊಳೆಯಿತು, ಆಮೇಲೆ ಮೇಡಂಗೂ ಹೇಳಿದೆ.

ಅವನು ಮುಖ ತೊಳೆದು ಬರುತ್ತೇನೆಂದು ನಲ್ಲಿಯ ಕಡೆ ಹೋದ. ಅವಳು ನನ್ನ ಮೇಜಿನ ಮುಂದಿನ ಸ್ಟೂಲನ್ನು ಎಳೆದುಕೊಂಡು ಕೂತಳು. "ಆವತ್ತು ಅಕ್ಕನ ನಂಬರ್ನಲ್ಲಿ ಹೇಳ್ದೆ. ಇವತ್ತು ನನ್ನ ಕೇಳಿ" ಅಂದಳು.

"ಅದೆಲ್ಲ ಮುಗೀತು ಕಣೇ. ಆ ಪ್ರಶ್ನೆ ನಿನ್ನಂಥವರಿಗಲ್ಲ. ನೀನು ಹೇಳಿದ್ರೂ ಲೆಕ್ಕಕ್ಕೆ ಬರಲ್ಲ."

"ಬರ್ದಿದ್ರೆ ಬುಡ್ಲಿ. ಕೇಳಿ."

ಹೊರಗೆ ರೋಗಿಗಳ ಸಾಲು ಇತ್ತು. ಆದರೂ ಕೇಳಿದೆ. ಎಲ್ಲವೂ ಬಾಯಿಪಾಠವಾಗಿದ್ದವು. ನಿದ್ದೆ ಹೇಗಿದೆ, ನೋವು ಹೇಗಿದೆ, ಗಂಡನ ಜೊತೆ ಹೇಗಿದ್ದೀಯ. ಒಂದೊಂದಕ್ಕೂ ಬೆನ್ನು ನೆಟ್ಟಗೆ ಮಾಡಿ ಕೂತು, ಯೋಚಿಸಿ ಹೇಳಿದಳು. ಒಂದು ಸಲವೂ ಅಂಗೇ ನಡೀತದೆ ಅನ್ನಲಿಲ್ಲ. ಕೊನೆಗೆ ಭಯದ ಪ್ರಶ್ನೆ ಬಂತು.

"ಒಂಚೂರೂ ಇಲ್ಲ" ಅಂದಳು. ನಾನು ಪೆನ್ನು ಎತ್ತಿಕೊಳ್ಳದ್ದನ್ನು ನೋಡಿ ಮೇಜಿನ ಮೇಲೆ ಬೆರಳು ಬಡಿದಳು. "ಬರ್ಕಳಿ ಸಿಸ್ಟ್ರವ್ವ. ಒಂಚೂರೂ ಇಲ್ಲ ಅಂತ ಬರ್ಕಳಿ."

"ಬರ್ಕೊಳ್ಳಕ್ಕೆ ನಿನ್ನದು ಅಂತ ನಂಬರೂ ಇಲ್ಲ, ಹಾಳೆನೂ ಇಲ್ವಲ್ಲೇ" ಅಂದೆ.

ಅವಳು ಎದ್ದು ಸೆರಗು ಸರಿ ಮಾಡಿಕೊಂಡಳು. "ಅಂಗಾರೆ ನೀವೇ ನೆಪ್ಪಲ್ಲಿ ಮಡೀಕಳಿ" ಅಂದಳು.